ಕೊನೆಯ ಸುತ್ತಿನ ಹಾಗೆ ಕೂರು

ಆಡೆನೌ ಪೇಟೆಯ ಮೇಲ್ಬೀದಿಯಲ್ಲಿ ಲೋರೆಂಟ್ಸ್ ಹಿಲ್ಗರನ ಅಪ್ಪನಿಗೆ ಜೀನು ಹೊಲಿಯುವ ಅಂಗಡಿ ಇತ್ತು. ಕುದುರೆಗಳು ಕಡಿಮೆಯಾದಂತೆ ಅವರು ಸೋಫಾ, ಬಸ್ಸಿನ ಸೀಟು, ಚರ್ಚಿನಲ್ಲಿ ಮಂಡಿಯೂರುವ ಮೆತ್ತೆ, ಸಿಕ್ಕಿದ್ದನ್ನೆಲ್ಲ ಹೊಲಿದರು. ಗುಡ್ಡದ ಮೇಲೆ ರೇಸಿನ ಟ್ರ್ಯಾಕು. ಶನಿವಾರ, ಭಾನುವಾರ ಅಲ್ಲಿಂದ ಇಳಿದು ಬರುವ ಸದ್ದಿಗೆ ಅಪ್ಪ ಅಂಗಡಿಯ ಕಿಟಕಿ ಮುಚ್ಚುತ್ತಿದ್ದರು. ರೇಸಿಗೂ ಅವರಿಗೂ ಇದ್ದ ಸಂಬಂಧ ಅಷ್ಟೇ.

ಲೋರೆಂಟ್ಸನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಆಗಿದ್ದಾಗ ಒಂದು ಭಾನುವಾರ ಯಾರೋ ಡ್ರೈವರ್ ಬಾಗಿಲು ಬಡಿದನಂತೆ. ಬೆನ್ನಿನ ಚರ್ಮ ಸುಲಿದು ಅಂಗಿ ಅಂಟಿಕೊಂಡಿತ್ತು. ಮಧ್ಯಾಹ್ನ ಮತ್ತೆ ಕಾರು ಹತ್ತಬೇಕು, ಬೆನ್ನಿಗೆ ಮೆತ್ತಗಿರುವುದು ಏನಾದರೂ ಬೇಕು ಅಂದ. ಅಪ್ಪ, ಇದು ಜೀನಿನ ಅಂಗಡಿ ಅಂದರು. ಮಗ ಮಾತ್ರ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನಿನ ಮೇಲೆ ಅಂಗೈಯಿಟ್ಟು ನೋಡಿ, ದುರಸ್ತಿಗೆ ಬಂದಿದ್ದ ಚರ್ಚಿನ ಮೆತ್ತೆಯೊಂದನ್ನು ಬಿಚ್ಚಿ ಅದರ ಹೊಟ್ಟೆಯೊಳಗಿನದನ್ನು ಕತ್ತರಿಸಿ ಒಂದು ಪಟ್ಟಿ ಮಾಡಿಕೊಟ್ಟ. ಮುಂದಿನ ವಾರ ಆ ಡ್ರೈವರ್ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದ. ಪಾದ್ರಿಗಳು ಮೆತ್ತೆ ಕೇಳಿಕೊಂಡು ಬಂದರು.

“ಕುದುರೆಯಾದರೆ ಎಲ್ಲಿ ನೋಯುತ್ತೆ ಅಂತ ಒದ್ದು ಹೇಳುತ್ತೆ,” ಅಂದರಂತೆ ಅಪ್ಪ. “ಇವರು ಬಾಯೇ ಬಿಡಲ್ಲ. ಇಂಥವರ ಸಹವಾಸ ನಿನಗ್ಯಾಕೆ?”

ಅಪ್ಪ ತೀರಿಕೊಂಡ ಮೇಲೆ ಲೋರೆಂಟ್ಸ ಅಂಗಡಿ ಮುಚ್ಚಿ, ಇರ್ಮ್‌ಗಾರ್ಡ್ ಡೌನ್ ಅನ್ನುವವಳ ರೇಸ್ ತಂಡಕ್ಕೆ ಸೇರಿದ. ಗಂಡ ಬಿಟ್ಟುಹೋದ ತಂಡವನ್ನು ಅವಳು ಒಬ್ಬಳೇ ನಡೆಸುತ್ತಿದ್ದಳು. ನಾವೆಲ್ಲ ಯಜಮಾನತಿ ಅನ್ನುತ್ತಿದ್ದೆವು. ನಾನು ಅಲ್ಲಿ ಕಾರಿನ ಮೈ ರಿಪೇರಿಯವನು. ಗೋಡೆಗೆ ತರಚಿಕೊಂಡು ಬಂದ ಮಡ್‌ಗಾರ್ಡು, ಬಾಗಿಲುಗಳನ್ನು ಉಜ್ಜಿ, ತೇಪೆ ಹಾಕಿ, ಬಣ್ಣ ಹೊಡೆಯುವುದು ನನ್ನ ಕೆಲಸ. ಅವನ ಮೇಜು ನನ್ನ ಮೇಜಿನ ಪಕ್ಕದ ಕೋಣೆಯಲ್ಲಿ. ಹಾಗಾಗಿ ಅವನ ಬದುಕಿನ ಬಹುಭಾಗವನ್ನು ನಾನು ಒಂದು ತೆಳು ಗೋಡೆಯಾಚೆಯಿಂದ ಕೇಳಿಸಿಕೊಂಡವನು.

ನಮ್ಮ ರೇಸುಗಳಲ್ಲಿ ಒಂದು ಕಾರನ್ನು ಒಬ್ಬನೇ ಓಡಿಸುವುದಿಲ್ಲ. ಮೂವರೋ ನಾಲ್ವರೋ ಸರದಿಯಲ್ಲಿ ಹತ್ತಿ ಇಳಿಯುತ್ತಾರೆ. ಒಬ್ಬ ಕೊಕ್ಕರೆಯಂಥವನು, ಒಬ್ಬ ಮೋಟು, ಇನ್ನೊಬ್ಬ ದುಡ್ಡು ಹಾಕಿ ಓಡಿಸುವ ಡೊಳ್ಳುಹೊಟ್ಟೆಯ ವ್ಯಾಪಾರಿ. ಮೂವರಿಗೂ ಅದೇ ಸೀಟು, ಅದೇ ಪೆಡಲು. ಹಾಗಾಗಿ ಪ್ರತಿಯೊಬ್ಬನಿಗೂ ಅವನ ಮೈಯಚ್ಚಿನ ಒಂದು ಒಳಸೀಟು ಇರಬೇಕು. ಇಳಿಯುವವನು ತನ್ನದನ್ನು ಕಿತ್ತುಕೊಂಡು ಇಳಿಯುತ್ತಾನೆ, ಹತ್ತುವವನು ತನ್ನದನ್ನು ಒಳಗೆಸೆದು ಅದರ ಮೇಲೆ ಕೂರುತ್ತಾನೆ.

ಆ ಒಳಸೀಟು ಮಾಡುವುದು ಲೋರೆಂಟ್ಸನ ಕೆಲಸ. ಸೀಟಿನೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ, ಡ್ರೈವರನ್ನು ಹೆಲ್ಮೆಟ್ಟು ಸಮೇತ ಅದರ ಮೇಲೆ ಕೂರಿಸಿ, ಎರಡು ದ್ರಾವಣ ಬೆರೆಸಿ ಚೀಲದೊಳಕ್ಕೆ ಸುರಿಯುತ್ತಾನೆ. ಅದು ಹಾಲು ಉಕ್ಕಿದ ಹಾಗೆ ಉಬ್ಬಿ, ಬೆಚ್ಚಗಾಗಿ, ಬೆನ್ನು, ಸೊಂಟ, ತೊಡೆಯ ಸಂದುಗೊಂದಿಗೆಲ್ಲ ಹೋಗಿ ಗಟ್ಟಿಯಾಗುತ್ತದೆ. ಅಷ್ಟು ಹೊತ್ತು ಡ್ರೈವರ್ ಸ್ಟಿಯರಿಂಗ್ ಹಿಡಿದು, ರೇಸಿನ ರೂಢಿಯಂತೆ ಎಡಗಾಲಲ್ಲಿ ಬ್ರೇಕು ಒತ್ತಿಕೊಂಡು, ಅಲುಗಾಡದೆ ಕೂರಬೇಕು. ಎಲ್ಲರೂ ಮೊದಲು ಎದೆ ಸೆಟೆಸಿ ಕೂರುತ್ತಾರೆ. ಲೋರೆಂಟ್ಸ ಅವರ ಭುಜ ತಟ್ಟಿ, “ಮೊದಲ ಸುತ್ತಿನ ಹಾಗೆ ಕೂರಬೇಡ, ಕೊನೆಯ ಸುತ್ತಿನ ಹಾಗೆ ಕೂರು,” ಅನ್ನುತ್ತಿದ್ದ. ಆಗ ಅವರ ಮೈ ಸಡಿಲಾಗುತ್ತಿತ್ತು. ಮೈ ಸಡಿಲಾದ ಮೇಲೆ ಬಾಯಿಯೂ. ಹೆಂಡತಿ ಬಿಟ್ಟುಹೋದದ್ದು, ವೇಗ ಕಂಡರೆ ಈಚೆಗೆ ಭಯವಾಗುವುದು, ಎಲ್ಲವೂ ಆ ಕೋಣೆಯಲ್ಲಿ ಹೊರಬರುತ್ತಿತ್ತು. ಅವನು ಹೂಂ ಅನ್ನುತ್ತ ಚೀಲದ ಅಂಚು ಎಳೆಯುತ್ತಿದ್ದ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯುತ್ತಿತ್ತು. ತಂಡದವರು ಅವನಿಗೆ ದರ್ಜಿ ಅಂತ ಹೆಸರಿಟ್ಟಿದ್ದರು.

ಆರ್ನೋ ಕ್ಯುಪ್ಪರ್ ನಮ್ಮ ಖಾಯಂ ಡ್ರೈವರ್. ಪಕ್ಕದ ಕಣಿವೆಯವನು, ವಾರವಿಡೀ ಡ್ರೈವಿಂಗ್ ಸ್ಕೂಲು ನಡೆಸಿ ಹೆದರುಪುಕ್ಕಲು ಹುಡುಗಿಯರಿಗೆ ಕಾರು ಕಲಿಸುತ್ತಿದ್ದ, ವಾರಾಂತ್ಯ ಎಲ್ಲರ ಎದೆ ಝಲ್ಲೆನ್ನುವ ಹಾಗೆ ಓಡಿಸುತ್ತಿದ್ದ. ಪ್ರತಿ ಮಾರ್ಚಿನಲ್ಲಿ ಹೊಸ ಸೀಟು ಕೂರಿಸಿಕೊಳ್ಳಲು ಬರುವನು. ಹತ್ತು ಹದಿನೈದು ವರ್ಷದಲ್ಲಿ ಅವರಿಬ್ಬರೂ ಅಣ್ಣತಮ್ಮಂದಿರಿಗಿಂತ ಹೆಚ್ಚಾಗಿದ್ದರು. ಚಳಿಗಾಲದ ಶುಕ್ರವಾರಗಳಲ್ಲಿ ಆರ್ನೋ ಲೋರೆಂಟ್ಸನ ಮನೆಗೆ ಇಸ್ಪೀಟಿಗೆ ಹೋಗುತ್ತಿದ್ದ. ಲೋರೆಂಟ್ಸನ ಹೆಂಡತಿ ಬುರ್ಗಾ ಆಲೂಗಡ್ಡೆ ತುರಿದು, ಕಬ್ಬಿಣದ ಪಾತ್ರೆಯಲ್ಲಿ ಹಂದಿಮಾಂಸದ ತುಣುಕು ಸೇರಿಸಿ ಬೇಯಿಸಿ, ಸೇಬಿನ ಗೊಜ್ಜಿನ ಜೊತೆ ಬಡಿಸುವಳು.

“ಹೊಟ್ಟೆ ಬಂದಿದೆಯಲ್ಲೋ ನಿನಗೆ,” ಅನ್ನುವನು ಲೋರೆಂಟ್ಸ, ಮಾರ್ಚಿನಲ್ಲಿ.

“ನಿನ್ನ ಹೆಂಡತಿ ಬಡಿಸಿದ್ದು ಕಣೋ ಅದು. ಹೋಗಿ ಅವಳನ್ನ ಕೇಳು.”

ಆರ್ನೋಗೆ ನಲವತ್ತು ದಾಟಿದ ಮೇಲೆ ಒಂದು ಮಾರ್ಚಿನಲ್ಲಿ ಹೀಗಾಯಿತು. ಲೋರೆಂಟ್ಸ ಸೀಟು ಕೂರಿಸಿ, ಗಟ್ಟಿಯಾದ ಅಚ್ಚನ್ನು ಹೊರತೆಗೆದು ನೋಡಿದ. ಎಡಗಡೆ ತೊಡೆಯ ಹಳ್ಳ ಸರಿಯಾಗಿ ಬಿದ್ದಿರಲಿಲ್ಲ, ಸೊಂಟದ ಕಡೆ ಮಾತ್ರ ಆಳವಾಗಿ ಒತ್ತಿತ್ತು. ಗಾಳಿ ಸೇರಿಕೊಂಡಿರಬೇಕು ಅಂತ ಅದನ್ನು ಬಿಸಾಕಿ ಇನ್ನೊಂದು ಮಾಡಿದ. ಅದೂ ಹಾಗೇ. ಉಳಿದವರು ಊಟಕ್ಕೆ ಹೋಗಿದ್ದರು. ನಾನು ಗೋಡೆಯಾಚೆ ಒಂದು ಮಡ್‌ಗಾರ್ಡು ಉಜ್ಜುತ್ತಿದ್ದೆ. ಅವನ ದನಿ ಬದಲಾದದ್ದು ಕೇಳಿ ಕೈ ತಾನಾಗಿ ನಿಂತಿತು.

“ಬ್ರೇಕು ಒತ್ತು. ನನ್ನ ಕೈ ನಿನ್ನ ತೊಡೆ ಕೆಳಗಿದೆ.”

“ಒತ್ತಿದೆ.”

“ಕಾಲಲ್ಲಿ ಒತ್ತು ಆರ್ನೋ. ಸೊಂಟದಲ್ಲಿ ಒತ್ತಬೇಡ.”

ಆಮೇಲೆ ಆರ್ನೋ, “ಜನವರೀಲಿ ಬಿದ್ದಿದ್ದೆ. ಆಸ್ಟ್ರಿಯಾದಲ್ಲಿ, ಹಿಮದ ಮೇಲೆ ಜಾರೋವಾಗ,” ಅಂದ.

“ಜನವರಿ ಪೂರ್ತಿ ನಮ್ಮನೇಲಿ ಇಸ್ಪೀಟು ಆಡ್ತಾ ಕೂತಿದ್ದೆಯಲ್ಲೋ.”

ಆರ್ನೋ ನಕ್ಕ. ನಗು ಅರ್ಧಕ್ಕೇ ನಿಂತಿತು.

“ನೋವಿದೆಯಾ?”

“ಇಲ್ಲ. ನೋವಾದರೂ ಇದ್ದಿದ್ದರೆ ಚೆನ್ನಾಗಿತ್ತು.”

“ರೆನಾಟೆಗೆ ಗೊತ್ತಾ?” ರೆನಾಟೆ ಆರ್ನೋನ ಹೆಂಡತಿ.

“ಯಾರಿಗೂ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ನೋಡು, ಎಡಸೊಂಟದ ಹಿಂದೆ ಒಂದಿಷ್ಟು ದಪ್ಪ ಕೊಡು. ಆನಿಕೊಳ್ಳೋಕೆ ಏನಾದರೂ ಸಿಕ್ಕರೆ ನಾನು ಒತ್ತಬಲ್ಲೆ. ಮೇ ತಿಂಗಳ ರೇಸು ಒಂದು ಮುಗೀಲಿ. ಆಮೇಲೆ ನಾನೇ ಬಿಡ್ತೀನಿ.”

ಲೋರೆಂಟ್ಸ ಯೋಚಿಸಿ ಹೇಳುತ್ತೇನೆ ಅಂದ. ಮೇ ತಿಂಗಳ ರೇಸು ಇಪ್ಪತ್ನಾಲ್ಕು ಗಂಟೆಯದು. ಶನಿವಾರ ಮಧ್ಯಾಹ್ನ ಹೊರಟರೆ ಭಾನುವಾರ ಮಧ್ಯಾಹ್ನ ಮುಗಿಯುವುದು. ನಮ್ಮ ಊರಿಗೆ ಅದೇ ವರ್ಷದ ದೊಡ್ಡ ದಿನ.

ಲೋರೆಂಟ್ಸ ಹಿಂದೆ ಒಬ್ಬ ಡ್ರೈವರನ ಬಿರುಕುಬಿಟ್ಟ ಪಕ್ಕೆಲುಬಿಗೆ ಮೆತ್ತೆ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದುಂಟು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಅವನು ನನ್ನನ್ನೇ ಒಮ್ಮೆ ಕೇಳಿದ, ನಾನು ಕೇಳಿಸಿಕೊಂಡಿದ್ದೇನೆ ಅಂತ ಅವನಿಗೆ ಗೊತ್ತಿತ್ತು. ಪಕ್ಕೆಲುಬು ನೋಯುವುದು ಅವನೊಬ್ಬನಿಗೆ ಅಂದೆ. ಅವನು ತಲೆಯಾಡಿಸಿದ. ಮನೆಯಲ್ಲಿ ಬುರ್ಗಾಳಿಗೂ ಹೇಳಿದ್ದ.

“ಮಾಡಿಕೊಟ್ಟರೆ ಏನಾಗುತ್ತೆ?” ಅಂತ ಅವಳು ಕೇಳಿದಳಂತೆ.

“ಏನೂ ಆಗದೇ ಇರಬಹುದು.”

“ಮಾಡದಿದ್ದರೆ?”

“ಆಗಲೂ ಏನೂ ಆಗದೇ ಇರಬಹುದು.”

“ಹಾಗಿದ್ದರೆ ನಿನ್ನ ಕೈ ಯಾವುದನ್ನ ಮಾಡೋಕೆ ಒಪ್ಪುತ್ತೆ ಅಂತ ನೋಡು,” ಅಂದಳಂತೆ ಬುರ್ಗಾ.

ಮುಂದಿನ ವಾರ ಆರ್ನೋ ಬಂದಾಗ ಲೋರೆಂಟ್ಸ ಮಾಡಲಾರೆ ಅಂದ. “ಮೊದಲು ಡಾಕ್ಟರಿಗೆ ತೋರಿಸು. ನಾನೇ ಜೊತೆಗೆ ಬರ್ತೀನಿ. ಅವರು ಓಡಿಸಬಹುದು ಅಂದರೆ ಆವತ್ತೇ ಸೀಟು ಕೂರಿಸ್ತೀನಿ.”

“ನೀನು ದರ್ಜಿ ಕಣೋ. ಅಳತೆ ತಗೊಂಡು ಹೊಲಿ. ಬಟ್ಟೆ ಹಾಕ್ಕೊಂಡು ಎಲ್ಲಿಗೆ ಹೋಗ್ತೀಯ ಅಂತ ದರ್ಜಿ ಕೇಳ್ತಾನಾ?”

“ಕೇಳಲ್ಲ. ನಾನು ಕೇಳ್ತಾ ಇದೀನಿ.”

ಆರ್ನೋ ಕೋಣೆಯಿಂದ ಹೊರಬಂದ. ಷೆಡ್ಡಿನ ನಡುವೆ ಯಜಮಾನತಿ ನಿಂತಿದ್ದಳು, ಸುತ್ತ ಎಂಟುಹತ್ತು ಮಂದಿ ಕೆಲಸದವರು. ಅವರೆದುರಿಗೆ ಅವನು ಸಲೀಸಾಗಿ ಅಂದ: “ಇರ್ಮ್‌ಗಾರ್ಡ್, ನಮ್ಮ ದರ್ಜಿಗೆ ವಯಸ್ಸಾಯ್ತು. ಎರಡು ಸಲ ಕೂರಿಸಿದ, ಎರಡೂ ಸೊಟ್ಟ. ಕೈ ನಡುಗುತ್ತೆ ಪಾಪ. ಬೇರೆ ಯಾರನ್ನಾದರೂ ನೋಡೋಣ.”

ಲೋರೆಂಟ್ಸ ಬಾಗಿಲಲ್ಲಿ ನಿಂತು ಕೇಳಿದ. ಮುಖ ಕೆಂಪಾಯಿತು, ಆದರೂ ಕಾಲಿನ ವಿಷಯ ಬಾಯಿಬಿಡಲಿಲ್ಲ. ಎಲ್ಲರೂ ಅವನ ಕೈ ನೋಡಿದರು. ಆ ಕೈ ನಡುಗುತ್ತಿತ್ತು, ಆದರೆ ಅದು ಆಗಿನ ಸಿಟ್ಟಿಗೆ.

ಎರಡು ದಿನ ಬಿಟ್ಟು ಅವನು ಯಜಮಾನತಿಯ ಕೋಣೆಗೆ ಹೋದ. ಅವಳು ಆಮೇಲೆ ನನಗೆ ಹೇಳಿದ್ದು ಇದು. ಅವನು ಕೂರಲೂ ಇಲ್ಲವಂತೆ.

“ಆರ್ನೋನ ಎಡಗಾಲು ಬೇರೆ ಡಾಕ್ಟರಿಗೆ ತೋರಿಸಿ.”

“ಜನವರೀಲಿ ತಪಾಸಣೆ ಆಗಿದೆ ಲೋರೆಂಟ್ಸ್. ಎಲ್ಲಾ ಸರಿ ಇದೆ ಅಂತ ಸಹಿ ಆಗಿದೆ.”

“ಜನವರೀಲಿ ಸರಿ ಇದ್ದಿರಬಹುದು.”

“ನೀವಿಬ್ಬರೂ ಜಗಳ ಆಡಿದೀರಿ ಅಂತ ಇಡೀ ಷೆಡ್ಡಿಗೇ ಗೊತ್ತು. ಈಗ ಬಂದು ಹೀಗೆ ಹೇಳಿದರೆ ನಾನು ಏನಂತ ತಿಳ್ಕೊಳ್ಳಲಿ?”

ಅವನು, ನೀವು ಏನು ಬೇಕಾದರೂ ತಿಳ್ಕೊಳ್ಳಿ, ಕಾಲು ಮಾತ್ರ ತೋರಿಸಿ ಅಂದು ಹೊರಬಂದ. ಅವಳು ಆರ್ನೋನನ್ನು ಕರೆದು ಕೇಳಿದಳು. ಅವನು ಅವಳೆದುರಿಗೇ ಮೇಜಿನ ಅಂಚು ಹಿಡಿದು ಎಡಗಾಲಲ್ಲಿ ಕುಂಟಾಬಿಲ್ಲೆ ಆಡುವವನಂತೆ ಎರಡು ಸಲ ಕುಪ್ಪಳಿಸಿ ತೋರಿಸಿದನಂತೆ. ಅವಳು ನಕ್ಕು ಸುಮ್ಮನಾದಳು. ಕೊಲೋನ್ ಕಡೆಯ ಯಾರೋ ಬಂದು ಸೀಟು ಕೂರಿಸಿಹೋದ. ಎಡಗಡೆ ದಪ್ಪ ಕೊಡು ಅಂದದ್ದಕ್ಕೆ ದಪ್ಪ ಕೊಟ್ಟ, ಯಾಕೆ ಅಂತ ಕೇಳಲಿಲ್ಲ.

ಮೇ ತಿಂಗಳ ಆ ಭಾನುವಾರ ಬೆಳಿಗ್ಗೆಯಿಂದ ಮಳೆ. ಲೋರೆಂಟ್ಸನನ್ನು ಯಾರೂ ಬರಬೇಡ ಅಂದಿರಲಿಲ್ಲ, ಬಾ ಅಂದವರೂ ಇರಲಿಲ್ಲ. ಅವನು ಬುರ್ಗಾಳ ಕೊಡೆ ಹಿಡಿದು ಕಾಡಿನ ದಾರಿಯಲ್ಲಿ ನಡೆದು, ಜನ ಡೇರೆ ಹಾಕಿಕೊಂಡು ಮಾಂಸ ಸುಡುತ್ತ ಕೂರುವ ಇಳಿಜಾರಿನ ಬೇಲಿಯ ಹತ್ತಿರ ನಿಂತ. ನಮ್ಮ ಹಸಿರು ಕಾರು ಒಂದೊಂದು ಸಲ ಬಂದಾಗಲೂ, ಬ್ರೇಕು ಒತ್ತುವ ಜಾಗದಲ್ಲಿ ಅದರ ಕೆಂಪು ದೀಪ ಹೊತ್ತುವವರೆಗೆ ಉಸಿರು ಬಿಡುತ್ತಿರಲಿಲ್ಲವಂತೆ. ಪಕ್ಕದ ಡೇರೆಯವನೊಬ್ಬ ಇವನ ಮುಖ ನೋಡಿ, “ಅದರ ಮೇಲೆ ಬಾಜಿ ಕಟ್ಟಿದೀಯೇನು ತಾತ?” ಅಂತ ಒಂದು ತುಂಡು ಸಾಸೇಜು ಕೊಟ್ಟ. ಇವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಏನೂ ಆಗಲಿಲ್ಲ. ಆರ್ನೋ ಆ ಮಳೆಯಲ್ಲಿ, ಬೇರೆಯವರೆಲ್ಲ ಜಾರಿ ಹುಲ್ಲಿಗೆ ಬೀಳುತ್ತಿದ್ದಾಗ, ತನ್ನ ಜೀವಮಾನದ ಅತ್ಯುತ್ತಮ ಓಟ ಓಡಿಸಿದ. ನಮ್ಮ ದರ್ಜೆಯಲ್ಲಿ ನಾವು ಎರಡನೆಯವರಾಗಿ ಬಂದೆವು. ನಾವೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ನಾನೂ ಕುಣಿದೆ, ಸುಳ್ಳು ಯಾಕೆ ಹೇಳಲಿ. ಆ ಹೊತ್ತಿನಲ್ಲಿ, ಲೋರೆಂಟ್ಸ ಇಲ್ಲದ್ದನ್ನು ಕಲ್ಪಿಸಿಕೊಂಡ ಅಂತಲೇ ನನಗೂ ಅನ್ನಿಸಿತು.

ಬುಧವಾರ ಆರ್ನೋ ಷೆಡ್ಡಿಗೆ ಕೇಕು ತಂದ. ಲೋರೆಂಟ್ಸನ ಕೋಣೆಯ ಬಾಗಿಲಲ್ಲಿ ನಿಂತು, “ನೋಡಿದಿರಾ, ಹಿಲ್ಗರ್ ಅವರೇ?” ಅಂದ. ಅಷ್ಟು ವರ್ಷ ನೀನು, ಕಣೋ ಅಂತಿದ್ದವನು ಬಹುವಚನ ಹಚ್ಚಿದ್ದ.

ಲೋರೆಂಟ್ಸ ಎದ್ದು ನಿಂತ. “ನೋಡಿದೆ. ಮಳೆಯಲ್ಲಿ ಅಷ್ಟು ಚೆನ್ನಾಗಿ ಓಡಿಸಿದವರನ್ನ ನಾನು ನೋಡಿಲ್ಲ. ಸಂತೋಷ ಆಯ್ತು.” ಅವನಿಗೆ ನಿಜಕ್ಕೂ ಸಂತೋಷವಾಗಿತ್ತು. ಆರ್ನೋ ಇನ್ನೇನೋ ಹೇಳಲು ಸಿದ್ಧನಾಗಿ ಬಂದಿದ್ದವನು, ಒಂದು ತುಂಡು ಕೇಕು ಅವನ ಮೇಜಿನ ಮೇಲಿಟ್ಟು ಹೊರಟುಹೋದ.

ಆಮೇಲೆ ಉಳಿದ ಡ್ರೈವರುಗಳೂ ಕೊಲೋನಿನವನ ಹತ್ತಿರವೇ ಸೀಟು ಕೂರಿಸಿಕೊಳ್ಳತೊಡಗಿದರು. ಕೈ ನಡುಗುವ ಮಾತು ಬೇರೆ ತಂಡಗಳಿಗೂ ಹಬ್ಬಿತ್ತು. ಶರತ್ಕಾಲಕ್ಕೆ ಲೋರೆಂಟ್ಸ ತಾನೇ ಕೆಲಸ ಬಿಟ್ಟ. ಅಪ್ಪನ ಹಳೆಯ ಹೊಲಿಗೆ ಯಂತ್ರವನ್ನು ಮನೆಯ ಕೆಳಗಿನ ಕೋಣೆಯಲ್ಲಿಟ್ಟುಕೊಂಡು ಶಾಲಾ ಬಸ್ಸುಗಳ ಸೀಟು ಹೊಲಿದ. ಶುಕ್ರವಾರ ಇಸ್ಪೀಟಿಗೆ ನಾನು ಹೋಗುತ್ತಿದ್ದೆ. ಆರ್ನೋನ ಹೆಸರು ಅವನೂ ಎತ್ತುತ್ತಿರಲಿಲ್ಲ, ನಾನೂ.

ಆರ್ನೋ ಮುಂದಿನ ವರ್ಷ ಎರಡು ಸಣ್ಣ ರೇಸು ಓಡಿಸಿ, ಬೆನ್ನುನೋವು ಅಂತ ಹೇಳಿ ನಿಲ್ಲಿಸಿದ. ಆಮೇಲೆ ಕೋಲು ಬಂತು. ಆಮೇಲೆ ಡ್ರೈವಿಂಗ್ ಸ್ಕೂಲು ಮುಚ್ಚಿತು. ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆ, ಮದ್ದಿಲ್ಲ ಅಂತ ಊರಿಗೆಲ್ಲ ಗೊತ್ತಾಯಿತು. ಷೆಡ್ಡಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಹೋಗಿ ನೋಡಿಕೊಂಡು ಬಾ,” ಅಂದಳು ಬುರ್ಗಾ.

“ಹೋಗಿ ಏನಂತ ಹೇಳಲಿ? ನನ್ನನ್ನ ನೋಡಿದರೆ ಸಾಕು, ಹೇಳಿರಲಿಲ್ವಾ ಅಂದ ಹಾಗಾಗುತ್ತೆ ಅವನಿಗೆ.”

ಅವನು ಹೋಗಲಿಲ್ಲ. ಕೊನೆಗೆ ರೆನಾಟೆ ಫೋನು ಮಾಡಿದಳು. ವಿಮೆಯವರು ಕೊಟ್ಟ ಗಾಲಿಕುರ್ಚಿಯಲ್ಲಿ ಕೂತು ಕೂತು ಬೆನ್ನು ಹುಣ್ಣಾಗಿದೆ. ಅವರು ನಿಮ್ಮ ಹೆಸರು ಎತ್ತಲ್ಲ, ಆದರೆ ಗ್ಯಾರೇಜಿನಿಂದ ನೀವು ಮಾಡಿಕೊಟ್ಟ ಹಳೆಯ ರೇಸಿನ ಸೀಟು ತರಿಸಿ ಕುರ್ಚಿಯಲ್ಲಿಟ್ಟುಕೊಂಡಿದ್ದಾರೆ. ಅದೀಗ ದೊಡ್ಡದಾಗಿದೆ, ಅದರೊಳಗೆ ಒಂದು ಕಡೆಗೆ ವಾಲಿಬಿಡುತ್ತಾರೆ. ಇಷ್ಟು ಹೇಳಿ ಅವಳು ಅತ್ತಳು.

ಸಾಮಾನು ಹೊರಲು ಲೋರೆಂಟ್ಸ ನನ್ನನ್ನು ಜೊತೆಗೆ ಕರೆದುಕೊಂಡು ಹೋದ. ಅಡುಗೆಮನೆಯ ಕಿಟಕಿಯ ಹತ್ತಿರ ಆರ್ನೋ ಕೂತಿದ್ದ. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ಮೊದಲಿನವೇ.

“ಬಂದ್ಯಾ ದರ್ಜಿ?” ಅಂದ. “ಈ ಸಲ ಹೊಟ್ಟೆ ಬಂದಿದೆ ಅಂತ ಹೇಳೋ ಹಾಗಿಲ್ಲ.”

“ಬುರ್ಗಾ ಡಬ್ಬಿ ಕಳಿಸಿದಾಳೆ. ಬರುತ್ತೆ ತಾಳು.”

ರೆನಾಟೆ ಮತ್ತು ನಾನು ಅವನನ್ನು ಎತ್ತಿ ಹಿಡಿದೆವು, ಲೋರೆಂಟ್ಸ ಚೀಲ ಹಾಸಿದ. ನೊರೆ ಉಬ್ಬಿ ಮೈಗೆ ಬಿಸಿ ತಾಕಿದಾಗ ಆರ್ನೋ ಕಣ್ಣು ಮುಚ್ಚಿದ. “ಅಲುಗಾಡಬೇಡ ಅಂತ ಈಗ ನೀನು ಬೈಬೇಕಾಗಿಲ್ಲ,” ಅಂದ. ರೆನಾಟೆ ಹೊರಗೆ ಹೋದಳು.

ತುಸು ಹೊತ್ತಾದ ಮೇಲೆ ಆರ್ನೋ ತಾನೇ ಶುರುಮಾಡಿದ. “ಆ ಮಳೆಯಲ್ಲಿ ಕಾಲು ಎಲ್ಲಿದೆ ಅಂತ ಗೊತ್ತಾಗ್ತಿರಲಿಲ್ಲ. ನೇರ ರಸ್ತೆ ಸಿಕ್ಕಾಗೆಲ್ಲ ಬಗ್ಗಿ ನೋಡಿಕೊಳ್ತಿದ್ದೆ, ಪೆಡಲ್ ಮೇಲಿದೆಯೋ ಇಲ್ಲವೋ ಅಂತ.”

ಲೋರೆಂಟ್ಸ ಚೀಲದ ಅಂಚು ಎಳೆದ.

“ಆ ಕೊಲೋನಿನವನು ಕೂರಿಸಿದ ಸೀಟು ದರಿದ್ರ. ಸೊಂಟ ಜಾರುತ್ತಿತ್ತು. ನೀನು ಮಾಡಿದ್ದರೆ ಜಾರುತ್ತಿರಲಿಲ್ಲ. ನಾನು ಹೇಗೂ ಓಡಿಸ್ತೀನಿ ಅಂತ ನಿನಗೆ ಗೊತ್ತಿತ್ತು. ನೀನು ಮಾಡಿಕೊಟ್ಟಿದ್ದರೆ ನನಗೂ ಉಳಿದವರಿಗೂ ಅಪಾಯ ಕಡಿಮೆ ಇರ್ತಿತ್ತು. ಅದನ್ನ ಯೋಚಿಸಿದ್ಯಾ?”

“ಯೋಚಿಸಿದೀನಿ. ಬೇಲಿ ಹತ್ತಿರ ನಿಂತಾಗ ಅದನ್ನೇ ಯೋಚಿಸ್ತಿದ್ದೆ.”

“ಮತ್ತೆ?”

“ನೀನು ಹೇಳೋದು ಸರಿ. ನಾನು ಮಾಡಿಕೊಡಲಾರೆ ಅಂದಿದ್ದೂ ಸರಿ. ಎರಡನ್ನೂ ಒಂದೇ ಕಡೆ ಕೂರಿಸೋಕೆ ನನಗೆ ಬರಲಿಲ್ಲ.”

ಆರ್ನೋ ಕಿಟಕಿಯ ಕಡೆ ಮುಖ ತಿರುಗಿಸಿದ. “ನಿನ್ನ ಕೈ ನಡುಗುತ್ತೆ ಅಂದಿದ್ದು ಹೊಲಸು ಕೆಲಸ,” ಅಂದ.

“ಹೂಂ. ಅದು ಹೊಲಸೇ,” ಅಂದ ಲೋರೆಂಟ್ಸ. ಆಮೇಲೆ ಇಬ್ಬರೂ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಮೈ ಸೊರಗುತ್ತ ಹೋದಂತೆ ಅಚ್ಚು ಬದಲಾಯಿಸುತ್ತಲೇ ಇರಬೇಕಾಯಿತು. ಮೊದಲು ವರ್ಷಕ್ಕೊಮ್ಮೆ ಕೂರಿಸುತ್ತಿದ್ದದ್ದನ್ನು ಈಗ ಋತುವಿಗೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಶುಕ್ರವಾರದ ಇಸ್ಪೀಟೂ ಅವನ ಅಡುಗೆಮನೆಗೇ ಬಂತು. ಆರ್ನೋಗೆ ಕೈ ಎತ್ತಲಾಗದ ಮೇಲೆ ಇಸ್ಪೀಟಿನ ಎಲೆಗಳನ್ನು ರೆನಾಟೆ ಹಿಡಿದು ತೋರಿಸುವಳು, ಅವನು ಕಣ್ಣಲ್ಲೇ ಯಾವುದು ಅಂತ ಹೇಳುವನು. ಮೋಸ ಮಾಡುವುದನ್ನು ಕೊನೆಯವರೆಗೂ ಬಿಡಲಿಲ್ಲ. ನಾವು ಹೀಗೆ ಹೋಗತೊಡಗಿದ ಮೂರನೆಯ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಉಸಿರು ಸಾಲದೆ ತೀರಿಕೊಂಡ.

ಮಣ್ಣು ಮಾಡಿದ ಮಾರನೆಯ ವಾರ ಯಜಮಾನತಿ ಲೋರೆಂಟ್ಸನ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಬುರ್ಗಾ ಕಾಫಿ ಇಟ್ಟಳು.

“ಆವತ್ತು ನಾನು ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಿತ್ತು,” ಅಂದಳು.

“ತೋರಿಸಿದ್ದರೆ ಬೇರೆ ತಂಡಕ್ಕೆ ಹೋಗಿ ಓಡಿಸ್ತಿದ್ದ.”

“ಹಾಗಂತ ನಾನು ಸುಮ್ಮನೆ ಕೂತಿದ್ದು ಸರಿಯಾಗುತ್ತಾ?”

“ಆಗಲ್ಲ,” ಅಂದ ಲೋರೆಂಟ್ಸ. ಅವಳು ಲೋಟ ಕೆಳಗಿಟ್ಟಳು. ಅವನು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ, ಸಮಾಧಾನ ಮಾಡಲೂ ಹೋಗಲಿಲ್ಲ. ಆಮೇಲೆ ಅವಳು ಬಂದ ಕೆಲಸ ಹೇಳಿದಳು. ವಾಪಸು ಬರಬೇಕು, ವಾರಕ್ಕೆರಡು ದಿನವಾದರೂ.

ಅವನು ಒಂದು ಷರತ್ತು ಹಾಕಿದ. ಸೀಟು ಕೂರಿಸುವಾಗ ಕೋಣೆಯಲ್ಲಿ ತಾನು, ಡ್ರೈವರ್ ಇಬ್ಬರೇ. ಮೈಯಲ್ಲಿ ಏನಾದರೂ ಕೆಟ್ಟದ್ದು ಕೈಗೆ ಸಿಕ್ಕರೆ ಮೊದಲು ಅವನಿಗೇ ಹೇಳುತ್ತೇನೆ, ಡಾಕ್ಟರನ್ನು ಕಾಣಲು ಒಂದು ವಾರ ಬಿಡುತ್ತೇನೆ. ಅವನು ಹೋಗದಿದ್ದರೆ ನಿಮಗೆ ಹೇಳುತ್ತೇನೆ, ಆಗ ನೀವು ಕಾರು ಕೊಡಬಾರದು. ಇದನ್ನು ಪ್ರತಿಯೊಬ್ಬನಿಗೂ ಕೂರುವ ಮೊದಲೇ ತಿಳಿಸಬೇಕು. ಇಷ್ಟವಿಲ್ಲದವನು ಬೇರೆ ಕಡೆ ಕೂರಿಸಿಕೊಳ್ಳಲಿ.

“ಯಾರೂ ಕೂರಲ್ಲ ಲೋರೆಂಟ್ಸ್,” ಅಂದಳು ಅವಳು.

“ಕೂರದಿದ್ದರೆ ಬಸ್ಸಿನ ಸೀಟು ಇದೆ.”

ಮೊದಲ ವರ್ಷ ಇಬ್ಬರು ಬೇಡ ಅಂದರು. ಉಳಿದವರು ಕೂತರು. ಮರುವರ್ಷ ಆ ಇಬ್ಬರಲ್ಲಿ ಒಬ್ಬ ವಾಪಸು ಬಂದ. ಬಂದವನು ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದ. ಹೊರಬಂದು, ಮುಂದಿನ ರೇಸು ತನಗೆ ಬೇಡ ಅಂತ ತಾನೇ ಯಜಮಾನತಿಗೆ ಹೇಳಿ ಹೋದ. ಯಾಕೆ ಅಂತ ನನಗೆ ಗೊತ್ತಿಲ್ಲ. ಆವತ್ತು ಗೋಡೆಯಾಚೆ ಮಾತು ಶುರುವಾದ ಕೂಡಲೇ ನಾನು ಉಜ್ಜುವ ಯಂತ್ರ ಹಾಕಿಬಿಟ್ಟಿದ್ದೆ.